ಓಣಿಯ ಪಿಜ್ಜಾ ಅಂಗಡಿ: ಪಿಜ್ಜಾ ನಡುವೆ ಹಸಿ ಇತ್ತು, ಹುಡುಗನಿಗೆ ಹೇಗೆ ಹೇಳೋದು?

ತೊಗರಿಕಣಜ

ಎಲ್ಲರಿಗೂ ನಮಸ್ಕಾರ. ಕಲಬುರಗಿಯವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಕಳೆದ ಭಾನುವಾರ ಮಗಳು ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ ಮನೆಮಂದಿ ಎಲ್ಲ ಸೇರಿ ನಮ್ಮ ಓಣಿಯ ಪಿಜ್ಜಾ ಅಂಗಡಿಗೆ ಹೋಗಿದ್ದೆವು. ಆಳಂದ ಕಡೆಯ ಹಳ್ಳಿಯಿಂದ ನಮ್ಮವ್ವನೂ ಬಂದಿದ್ದಳು. ಅವಳಿಗೆ 70 ದಾಟಿದೆ. ಪಿಜ್ಜಾ ತಿನ್ನುವುದು ಇದೇ ಮೊದಲು. ಅಂಗಡಿ ದೊಡ್ಡದೇನಲ್ಲ. ಆರು ಟೇಬಲ್, ಒಂದು ಕೂಲರ್, ಗಾಜಿನ ಆಚೆ ಅಡುಗೆಮನೆ. ನಡೆಸುವ ಹುಡುಗ ನಮ್ಮ ಹಿಂದಿನ ಗಲ್ಲಿಯವನೇ. ಬೆಂಗಳೂರಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿ, ಸಾಲ ತೆಗೆದು ಇದನ್ನು ಹಾಕಿದ್ದಾನೆ. ಚಿಕ್ಕವನಿದ್ದಾಗ ನಮ್ಮ ಮನೆ ಮುಂದೆಯೇ ಕ್ರಿಕೆಟ್ ಆಡುತ್ತಿದ್ದ.

10 ಇಂಚಿನದು ಒಂದು, 7 ಇಂಚಿನವು ಎರಡು, ಗಾರ್ಲಿಕ್ ಬ್ರೆಡ್, ಎರಡು ಕೂಲ್ ಡ್ರಿಂಕ್ಸ್ ಹೇಳಿದೆವು. ಪಿಜ್ಜಾ ಬರುವುದಕ್ಕೆ 50 ನಿಮಿಷ ಆಯಿತು. ಜನ ಇದ್ದರು, ಅದಕ್ಕೆ ನನ್ನ ತಕರಾರಿಲ್ಲ. ಮೇಲೆ ನೋಡಿದರೆ ಚೆಂದ ಇತ್ತು, ಚೀಸ್ ಕೆಂಪಾಗಿತ್ತು. ಮಗಳು ಒಂದು ತುಂಡು ಎತ್ತಿದಳು ನೋಡಿ, ತುದಿ ಜೋತು ಬಿತ್ತು. ಚೀಸ್, ಈರುಳ್ಳಿ, ಡೊಣ್ಣ ಮೆಣಸಿನಕಾಯಿ ಎಲ್ಲ ಜಾರಿ ತಟ್ಟೆಗೆ ಬಂತು. ಕೆಳಗೆ ತಿರುಗಿಸಿದರೆ ಅಂಚಿನಲ್ಲಷ್ಟೇ ಕಂದು ಬಣ್ಣ, ನಡುವೆ ಬೆಳ್ಳಗೆ ಹಿಟ್ಟು ಹಿಟ್ಟು. ಅವ್ವ ಎರಡು ಬೆರಳಲ್ಲಿ ಒತ್ತಿ ನೋಡಿ, "ಹಂಚು ಕಾದಿಲ್ಲ ನೋಡು ಇದಕ್ಕ" ಅಂದಳು. ಒಂದು ತುತ್ತು ತಿಂದು ಇಟ್ಟುಬಿಟ್ಟಳು.

ತಿಂದದ್ದು 1,060 ರೂಪಾಯಿಯದು. ಅದರ ಮೇಲೆ ಸರ್ವಿಸ್ ಚಾರ್ಜ್ 106. ಜಿಎಸ್‌ಟಿ ಸೇರಿ 1,224 ಕೊಟ್ಟು ಬಂದೆವು. "ಹೇಗಿತ್ತು ಅಕ್ಕಾ?" ಅಂತ ಹುಡುಗ ನಗುತ್ತಾ ಕೇಳಿದ. "ಚೆನ್ನಾಗಿತ್ತಪ್ಪ" ಅಂದುಬಿಟ್ಟೆ. ಅದೇ ನನಗೆ ಈಗಲೂ ಕೊರೆಯುತ್ತಿದೆ.

ಹೇಳಬೇಕಾ, ಸುಮ್ನೆ ಇರಬೇಕಾ? ಹೇಳಿದರೆ ಹೇಗೆ ಹೇಳಬೇಕು? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಖಡಕ್ ಚಹಾ

ಒಂದು ಸ್ಟಾರ್ ಹಾಕಿ, ಮುಗಿಯಿತು. 1,200 ರೂಪಾಯಿ ಕೊಟ್ಟು ಹಸಿ ಹಿಟ್ಟು ತಿನ್ನೋದಕ್ಕೆ ಹೋಗಿದ್ದಿರಾ?

ಖೂಬಾ ಪ್ಲಾಟ್ ಅಕ್ಕ

ಅಲ್ಲಪ್ಪಾ, ಓಣಿಯ ಹುಡುಗ ಅಂತ ಹೇಳುತ್ತಿದ್ದಾರೆ. ದಿನಾ ಮುಖ ನೋಡಬೇಕು. ಒಂದು ಸ್ಟಾರ್ ಹಾಕಿದರೆ ಅವನಿಗೆ ಏನು ತಪ್ಪಾಯಿತು ಅಂತ ಗೊತ್ತಾಗುತ್ತಾ? ಗಿರಾಕಿ ಕಡಿಮೆಯಾದದ್ದು ಮಾತ್ರ ಗೊತ್ತಾಗುತ್ತದೆ.

ತಂಗಿ, ನೀವು ಸುಮ್ನೆ ಒಂದು ಮಧ್ಯಾಹ್ನ ಹೋಗಿ. ಗಿರಾಕಿ ಇಲ್ಲದ ಹೊತ್ತು ನೋಡಿ. ಬೇರೆಯವರ ಮುಂದೆ ಹೇಳಬೇಡಿ.

ಖಡಕ್ ಚಹಾ

ಅಕ್ಕಾರ, ತಪ್ಪು ತಿಳಿಯಬೇಡಿ. ರೊಕ್ಕ ಕೊಟ್ಟವರೇ ಮತ್ತೆ ಹೋಗಿ ಪಾಠ ಹೇಳಬೇಕು ಅಂದರೆ ಯಾವ ನ್ಯಾಯ? ಸ್ಟಾರ್ ಇರುವುದು ಮುಂದೆ ಬರುವವರಿಗೆ ಗೊತ್ತಾಗಲಿ ಅಂತ. ನಾನೂ ಸ್ಟಾರ್ ನೋಡಿಯೇ ಹೋಗುತ್ತೇನೆ. ಎಲ್ಲರೂ "ನಮ್ಮ ಹುಡುಗ" ಅಂತ ಐದು ಹಾಕಿದರೆ ನನ್ನಂಥವರು ಮೋಸ ಹೋಗುತ್ತೇವೆ.

ಎಂಎಸ್‌ಕೆ ಮಿಲ್ ರೋಡ್

ಯಾವ ಅಂಗಡಿ ಅಂತ ಹೇಳಿ. ಜಗತ್ ಸರ್ಕಲ್ ಹತ್ತಿರದ್ದಾ?

ನಿರ್ವಾಹಕ

ಅಂಗಡಿಯ ಹೆಸರು, ಜಾಗ ಯಾರೂ ಬರೆಯಬೇಡಿ. ಒಬ್ಬರ ಅನುಭವದ ಮೇಲೆ ಒಂದು ಅಂಗಡಿಯನ್ನು ಇಲ್ಲಿ ಎಳೆಯುವುದು ಬೇಡ. ವಿಷಯ ಮುಂದುವರಿಯಲಿ.

ಬೀದರ್ ಬೇಕರಿ

ನಾನು ಬೀದರಿನಲ್ಲಿ ಬೇಕರಿ ನಡೆಸುತ್ತೇನೆ. ಪಿಜ್ಜಾನೂ ಮಾಡುತ್ತೇವೆ. ನಿಮ್ಮ ಅವ್ವ ಹೇಳಿದ್ದು ನೂರಕ್ಕೆ ನೂರು ಸರಿ ನೋಡಿ ಅಕ್ಕಾ. ಹಂಚು ಕಾದಿಲ್ಲ.

ಸಣ್ಣ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಕರೆಂಟಿನ ಡೆಕ್ ಓವನ್. ಮೇಲೊಂದು ಕಾಯಿಲ್, ಕೆಳಗೊಂದು ಕಾಯಿಲ್, ನಡುವೆ ಕಲ್ಲಿನ ಹಾಸು. ಎರಡಕ್ಕೂ ಬೇರೆ ಬೇರೆ ನಾಬ್. ಮೇಲಿನ ಗಾಳಿ ಹತ್ತೇ ನಿಮಿಷದಲ್ಲಿ ಬಿಸಿಯಾಗುತ್ತದೆ, ಮೀಟರ್ 280 ತೋರಿಸುತ್ತದೆ. ಆದರೆ ಕಲ್ಲು ಕಾಯಲು ಮುಕ್ಕಾಲು ಗಂಟೆ ಬೇಕು. ಮೀಟರ್ ನಂಬಿ ಪಿಜ್ಜಾ ಇಟ್ಟರೆ ಮೇಲೆ ಚೀಸ್ ಕೆಂಪಾಗುತ್ತದೆ, ಕೆಳಗೆ ಹಿಟ್ಟು ಹಾಗೇ ಉಳಿಯುತ್ತದೆ. ಚೀಸ್ ನೋಡಿ ಹುಡುಗರು ಬೆಂದಿತು ಅಂತ ತೆಗೆದುಬಿಡುತ್ತಾರೆ.

ಎರಡನೆಯದು, ಭಾನುವಾರದ ಗಲಾಟೆ. ಒಂದರ ಹಿಂದೆ ಒಂದು ಇಡುತ್ತಾ ಹೋದರೆ ಪ್ರತಿ ಪಿಜ್ಜಾನೂ ಕಲ್ಲಿನ ಬಿಸಿ ಹೀರುತ್ತದೆ. ಬಾಗಿಲು ತೆಗೆದಾಗಲೆಲ್ಲ ಇನ್ನಷ್ಟು ಹೋಗುತ್ತದೆ. ಮೊದಲ ಪಿಜ್ಜಾ ಚೆನ್ನಾಗಿರುತ್ತದೆ, ಐದನೆಯದು ಹಸಿ.

ಮೂರನೆಯದು ನೀರು. ಈರುಳ್ಳಿ, ಟೊಮೆಟೊ, ಡೊಣ್ಣ ಮೆಣಸಿನಕಾಯಿ ಹಸಿಯಾಗಿ ಹೇರಿದರೆ ನೀರು ಬಿಡುತ್ತವೆ. ಫ್ರೀಜರಿನ ಮೆಕ್ಕೆಜೋಳ ಹಾಕಿದರಂತೂ ಕೇಳಲೇಬೇಡಿ. ನಾವು ತರಕಾರಿಯನ್ನು ಒಂದು ನಿಮಿಷ ಬಾಣಲೆಯಲ್ಲಿ ಆಡಿಸಿ, ನೀರು ಹೋದ ಮೇಲೆ ಹಾಕುತ್ತೇವೆ.

ಇದೆಲ್ಲ ತಿದ್ದಿಕೊಳ್ಳುವ ತಪ್ಪುಗಳೇ. ಹುಡುಗನಿಗೆ ಹೇಳಿ. ನಾನು ಅಂಗಡಿ ಹಾಕಿದ ಮೊದಲ ವರ್ಷ ಯಾರೂ ನನಗೆ ಹೇಳಲಿಲ್ಲ. ಬರುವುದನ್ನು ನಿಲ್ಲಿಸಿದರು ಅಷ್ಟೇ.

ಸೇಡಂ ರೋಡ್ ಮೇಷ್ಟ್ರು

ಒಂದು ಲೆಕ್ಕ ಹೇಳಲಾ? 7 ಇಂಚಿನ ಎರಡು ತಗೊಂಡಿರಿ ಅಲ್ವಾ, ಅವಕ್ಕೆ ಎಷ್ಟು ಕೊಟ್ಟಿರಿ?

ತೊಗರಿಕಣಜ

ಒಂದಕ್ಕೆ 220 ಸರ್. 10 ಇಂಚಿನದಕ್ಕೆ 420.

ಸೇಡಂ ರೋಡ್ ಮೇಷ್ಟ್ರು

ನೋಡಿ, ದುಂಡಗಿನ ವಸ್ತುವಿನ ವಿಸ್ತಾರ ಅಡ್ಡಳತೆಯ ವರ್ಗದ ಮೇಲೆ ಹೋಗುತ್ತದೆ. 7ರ ವರ್ಗ 49. ಎರಡು ಸೇರಿದರೆ 98. 10ರ ವರ್ಗ 100. ಅಂದರೆ 7 ಇಂಚಿನ ಎರಡು ಸೇರಿದರೂ 10 ಇಂಚಿನ ಒಂದಕ್ಕಿಂತ ಕೂದಲೆಳೆ ಕಡಿಮೆ. ನೀವು 440 ಕೊಟ್ಟು 420ರದ್ದಕ್ಕಿಂತ ಕಡಿಮೆ ತಿಂದಿರಿ. 12 ಇಂಚಿನದಾದರೆ 144, ಹತ್ತಿರ ಹತ್ತಿರ 7 ಇಂಚಿನ ಮೂರಕ್ಕೆ ಸಮ. ಒಂಬತ್ತನೇ ತರಗತಿ ಮಕ್ಕಳಿಗೆ ಇದೇ ಉದಾಹರಣೆ ಕೊಡುತ್ತೇನೆ. ಪಿಜ್ಜಾ ಅಂದಕೂಡಲೇ ಹಿಂದಿನ ಬೆಂಚಿನವರೂ ಕಣ್ಣರಳಿಸಿ ಕೇಳುತ್ತಾರೆ.

ಖೂಬಾ ಪ್ಲಾಟ್ ಅಕ್ಕ

ಸರ್, ಮಕ್ಕಳಿಗೆ ಒಬ್ಬೊಬ್ಬರಿಗೂ ತಮ್ಮದೇ ಒಂದು ಬೇಕು. ಅಲ್ಲಿ ವರ್ಗ ನಡೆಯುವುದಿಲ್ಲ.

ಗುಬ್ಬಿ ಕಾಲೊನಿ

ಚೀಸ್ ಎಳೆ ಬಂತಾ ಅಕ್ಕಾ? ಬರದಿದ್ದರೆ ಅದು ನಕಲಿ ಚೀಸ್. ಈಗ ಎಲ್ಲ ಕಡೆ ಪಾಮ್ ಎಣ್ಣೆಯ ಚೀಸ್ ಹಾಕುತ್ತಾರೆ.

ಬೀದರ್ ಬೇಕರಿ

ಹಾಗೆ ಒಮ್ಮೆಲೇ ಹೇಳಬೇಡಿ ಅಣ್ಣಾ. ಎಳೆ ಬರುವುದು ಮೊಝರೆಲ್ಲಾದಿಂದ. ಪ್ರೊಸೆಸ್ಡ್ ಚೀಸ್ ಹಾಲಿನದೇ ಆದರೂ ಎಳೆ ಬರುವುದಿಲ್ಲ, ಸಾಸ್ ಥರ ಕರಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಎರಡನ್ನೂ ಕೂಡಿಸಿ ಹಾಕುತ್ತಾರೆ. ಅದು ಮೋಸ ಅಲ್ಲ.

ಎಣ್ಣೆಯಿಂದ ಮಾಡಿದ್ದಕ್ಕೆ ಅನಲಾಗ್ ಅನ್ನುತ್ತಾರೆ. ಅದನ್ನು ಚೀಸ್ ಅಂತ ಹೆಸರಿಟ್ಟು ಮಾರುವ ಹಾಗಿಲ್ಲ. ಸಂಶಯ ಇದ್ದರೆ ಪ್ಯಾಕೆಟ್ ತೋರಿಸು ಅಂತ ಕೇಳಿ. ಸರಿಯಾದ ಮಾಲು ಹಾಕುವವನು ಖುಷಿಯಿಂದ ತೋರಿಸುತ್ತಾನೆ. ನಾನಂತೂ ತೋರಿಸುತ್ತೇನೆ.

ಶರಣಬಸವ ಕೆರೆ ದಂಡೆ

ನನ್ನದೊಂದು ಸಂಶಯ. ನಮ್ಮ ಮನೆಯಲ್ಲಿ ಚೀಸ್ ಬೇಡ ಅನ್ನುತ್ತಾರೆ. ಅದರಲ್ಲಿ ಕರುವಿನ ಹೊಟ್ಟೆಯ ಏನೋ ಹಾಕುತ್ತಾರಂತೆ. ನಿಜಾನಾ?

ಅಗ್ರಿ ಕಾಲೇಜ್

ಹಳೇ ಪದ್ಧತಿಯಲ್ಲಿ ನಿಜ. ಹಾಲು ಒಡೆಯಲು ರೆನೆಟ್ ಬೇಕು. ಅದು ಕರುವಿನ ಹೊಟ್ಟೆಯಿಂದ ಬರುತ್ತಿತ್ತು, ಯೂರೋಪಿನ ಕೆಲವು ಚೀಸ್‌ಗಳಿಗೆ ಈಗಲೂ ಅದೇ ಬೇಕು. ಆದರೆ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ ಕೂಡ ಇದೆ. ನಮ್ಮಲ್ಲಿ ಹಸಿರು ಚುಕ್ಕೆ ಹಾಕಿ ಮಾರುವ ಚೀಸಿಗೆ ಅದನ್ನೇ ಹಾಕುತ್ತಾರೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದರೆ ಮನೆಯಲ್ಲಿ ಧೈರ್ಯವಾಗಿ ಕೊಡಿ.

ಶರಣಬಸವ ಕೆರೆ ದಂಡೆ

ಒಳ್ಳೇದಾಯಿತು. ಆಯಿಗೆ ಹೇಳುತ್ತೇನೆ.

ಲೆಕ್ಕಪತ್ರ

ಚೀಸ್ ಬಿಡಿ, ಬಿಲ್ ವಿಷಯಕ್ಕೆ ಬನ್ನಿ. ಸರ್ವಿಸ್ ಚಾರ್ಜ್ 106 ರೂಪಾಯಿ ನೀವು ಕೊಡಲೇಬೇಕಿರಲಿಲ್ಲ ಅಕ್ಕಾ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಹೋಟೆಲಿನವರು ತಾವಾಗಿಯೇ ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ಸೇರಿಸುವ ಹಾಗಿಲ್ಲ. ಬೇರೆ ಹೆಸರಿನಲ್ಲೂ ಸೇರಿಸುವ ಹಾಗಿಲ್ಲ. ಇಷ್ಟವಿದ್ದರೆ ಗಿರಾಕಿಯೇ ಕೊಡಬೇಕು. ಹೋಟೆಲ್ ಸಂಘದವರು ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದರು. 2025ರ ಮಾರ್ಚಿನಲ್ಲಿ ಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು.

ಇನ್ನೊಂದು. ಸರ್ವಿಸ್ ಚಾರ್ಜ್ ಮೇಲೂ ಶೇ. 5 ಜಿಎಸ್‌ಟಿ ಹಾಕಿದ್ದಾರೆ. 1,060ಕ್ಕೆ ಜಿಎಸ್‌ಟಿ 53. ಒಟ್ಟು 1,113 ಆಗಬೇಕಿತ್ತು. ನೀವು 111 ರೂಪಾಯಿ ಜಾಸ್ತಿ ಕೊಟ್ಟಿದ್ದೀರಿ. ಕೇಳಿ, ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಎಂಎಸ್‌ಕೆ ಮಿಲ್ ರೋಡ್

ಇಷ್ಟು ಸಣ್ಣ ಅಂಗಡಿಯವರು ಜಿಎಸ್‌ಟಿ ಹಾಕುವುದೇ ತಪ್ಪಲ್ವಾ?

ಲೆಕ್ಕಪತ್ರ

ಅದು ಅವರು ಯಾವ ರೀತಿ ನೋಂದಣಿ ಮಾಡಿಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಕಂಪೋಸಿಶನ್ ಸ್ಕೀಮಿನಲ್ಲಿದ್ದರೆ ತೆರಿಗೆಯನ್ನು ತಮ್ಮ ಕೈಯಿಂದ ಕಟ್ಟಬೇಕು, ಗಿರಾಕಿ ಹತ್ತಿರ ತಗೊಳ್ಳುವ ಹಾಗಿಲ್ಲ. ಬಿಲ್ಲಿನ ಮೇಲೂ ಹಾಗೆಂದು ಬರೆಯಬೇಕು. ಸಾಮಾನ್ಯ ನೋಂದಣಿ ಇದ್ದರೆ ಶೇ. 5 ಹಾಕಬಹುದು. ಬಿಲ್ ಇಟ್ಟುಕೊಂಡಿದ್ದೀರಾ ಅಕ್ಕಾ?

ತೊಗರಿಕಣಜ

ಇದೆ. ಈಗ ತೆಗೆದು ನೋಡಿದೆ. ಜಿಎಸ್‌ಟಿ ನಂಬರ್ ಇದೆ, ಕಂಪೋಸಿಶನ್ ಅಂತ ಎಲ್ಲೂ ಇಲ್ಲ.

ಲೆಕ್ಕಪತ್ರ

ಹಾಗಾದರೆ ಜಿಎಸ್‌ಟಿ ಸರಿ. ಸರ್ವಿಸ್ ಚಾರ್ಜ್ ತಪ್ಪು.

ಖಡಕ್ ಚಹಾ

ಇದನ್ನೇ ನಾನು ಹೇಳಿದ್ದು. ನಮ್ಮ ಹುಡುಗ, ನಮ್ಮ ಹುಡುಗ ಅಂತ ನೀವು. ಬಿಲ್ಲಿನಲ್ಲಿ ಅವನು ನಿಮ್ಮನ್ನು ಅಕ್ಕ ಅಂತ ನೋಡಿದನಾ?

ಹೋಟೆಲ್ ಕೆಲಸದವನು

ಸ್ವಲ್ಪ ನಿಲ್ಲಿ ಅಣ್ಣಾ. ನಾನು ಕಲಬುರಗಿಯಲ್ಲಿ ಎರಡು ಕಡೆ, ಪುಣೆಯಲ್ಲಿ ಒಂದು ಕಡೆ ಸಪ್ಲೈಯರ್ ಆಗಿದ್ದೆ. ಬಿಲ್ಲಿಂಗ್ ಮಷಿನ್ ಕೊಡುವವರು ಬಂದು ಎಲ್ಲ ಹಾಕಿಟ್ಟು ಹೋಗುತ್ತಾರೆ. ಯಾವ ಸಾಲು ಯಾಕೆ ಇದೆ ಅಂತ ಮಾಲೀಕನಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಬೇಕಂತಲೇ ಹಾಕುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೇಳಿದಾಗ ಏನು ಹೇಳುತ್ತಾನೆ ಅನ್ನುವುದರಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಾತು ಎಲ್ಲರಿಗೂ. ಪಿಜ್ಜಾ ಹಸಿ ಇದ್ದರೆ ತಂದುಕೊಟ್ಟ ಹುಡುಗನ ಮೇಲೆ ಕೂಗಾಡಬೇಡಿ. ಅವನು ಅಲ್ಲಿ ಹಿಟ್ಟು ನಾದಿಲ್ಲ, ಓವನ್ ಹಚ್ಚಿಲ್ಲ. ನಾನು ಒಂದು ಸಲ ತಣ್ಣಗಿನ ದಾಲ್ ತಂದೆ ಅಂತ ಇಪ್ಪತ್ತು ಮಂದಿ ಮುಂದೆ ಬೈಸಿಕೊಂಡೆ. ಆ ದಿನದ ಪಗಾರನ್ನೂ ಮಾಲೀಕರು ಹಿಡಿದರು. "ಇದು ಬೆಂದಿಲ್ಲ, ಒಳಗೆ ಒಂದು ಸಲ ತೋರಿಸು ತಮ್ಮಾ" ಅಂದರೆ ಸಾಕು. ಓಡಿ ಹೋಗಿ ತೋರಿಸುತ್ತೇವೆ.

ಖೂಬಾ ಪ್ಲಾಟ್ ಅಕ್ಕ

ಇದು ಮನಸ್ಸಿಗೆ ನಾಟಿತು ತಮ್ಮಾ.

ವೈರ್‌ಮನ್ ಕಾಕಾ

ಸಂಜೆ ಎಷ್ಟು ಹೊತ್ತಿಗೆ ಹೋಗಿದ್ದಿರಿ? ಕೇಳುವುದಕ್ಕೆ ಕಾರಣ ಇದೆ.

ತೊಗರಿಕಣಜ

ಎಂಟು ಗಂಟೆ ಕಾಕಾ.

ವೈರ್‌ಮನ್ ಕಾಕಾ

ಅದೇ ನೋಡು. ಮೇ ತಿಂಗಳು, ಎಂಟು ಗಂಟೆ, ಓಣಿ ತುಂಬ ಎಸಿ, ಕೂಲರ್. ವೋಲ್ಟೇಜ್ ಬೀಳುತ್ತದೆ. ಲೈಟು ಸ್ವಲ್ಪ ಮಂಕಾಗುತ್ತದೆ, ಜನ ಗಮನಿಸುವುದಿಲ್ಲ. ಆದರೆ ಕಾಯಿಲಿನ ಓವನ್‌ಗೆ ದೊಡ್ಡ ಪೆಟ್ಟು. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗದ ಮೇಲೆ ಹೋಗುತ್ತದೆ. 230 ಬದಲು 190 ಬಂದರೆ ವೋಲ್ಟೇಜ್ ಆರರಲ್ಲಿ ಒಂದು ಪಾಲು ಕಡಿಮೆಯಾಯಿತು ಅಷ್ಟೇ, ಆದರೆ ಶಾಖ ಮೂರರಲ್ಲಿ ಒಂದು ಪಾಲು ಹೋಗುತ್ತದೆ. 6 ಕಿಲೋವ್ಯಾಟಿನ ಓವನ್ 4 ಕಿಲೋವ್ಯಾಟಿನದಾಗಿ ಕೂತಿರುತ್ತದೆ. ಅದೇ ಹೊತ್ತಿಗೆ ಗಿರಾಕಿ ಜಾಸ್ತಿ. ಕಲ್ಲು ಹೇಗೆ ಕಾಯಬೇಕು?

ಸೇಡಂ ರೋಡ್ ಮೇಷ್ಟ್ರು

ಇಲ್ಲೂ ವರ್ಗ ಬಂತು. ಕಾಕಾ, ಇದನ್ನೂ ಪಾಠಕ್ಕೆ ಸೇರಿಸಿಕೊಳ್ಳುತ್ತೇನೆ.

ಗುಬ್ಬಿ ಕಾಲೊನಿ

ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಗನ್ ಎಲ್ಲರ ಮನೆಯಲ್ಲೂ ಬಿದ್ದಿದೆ. ಅದನ್ನೇ ಕಲ್ಲಿಗೆ ಹಿಡಿದು ನೋಡಬಹುದಲ್ಲ?

ವೈರ್‌ಮನ್ ಕಾಕಾ

ಆಗುವುದಿಲ್ಲ. ಅದು ಮೈ ಬಿಸಿ ನೋಡುವುದಕ್ಕೆ ಮಾಡಿದ್ದು. 43ರ ಹತ್ತಿರಕ್ಕೆ ನಿಂತುಬಿಡುತ್ತದೆ. ಕಾರ್ಖಾನೆಯಲ್ಲಿ ಬಳಸುವ ಗನ್ ಬೇರೆ, 400-500 ಡಿಗ್ರಿವರೆಗೆ ತೋರಿಸುತ್ತದೆ. ನನ್ನ ಹತ್ತಿರ ಇದೆ. ಬೇಕಾದರೆ ಆ ಹುಡುಗನಿಗೆ ಒಂದು ದಿನ ಕೊಡುತ್ತೇನೆ.

ಮಿಲಾನೋ ರಿಟರ್ನ್

ಎರಡು ವರ್ಷ ಇಟಲಿಯಲ್ಲಿ ಓದಿದ್ದೇನೆ, ಈಗ ಮತ್ತೆ ಕಲಬುರಗಿ. ಒಂದು ಮಾತು ಸೇರಿಸುತ್ತೇನೆ. ನೇಪಲ್ಸ್‌ನ ಪಿಜ್ಜಾ ನಡುವೆ ಮೆತ್ತಗೇ ಇರುತ್ತದೆ. ತುದಿ ಜೋಲುತ್ತದೆ. ಅಲ್ಲಿ ಚಾಕು, ಫೋರ್ಕ್ ಹಿಡಿದು ತಿನ್ನುತ್ತಾರೆ, ಇಲ್ಲವೇ ಮಡಚಿ ತಿನ್ನುತ್ತಾರೆ. ಹಾಗಾಗಿ ಜೋತು ಬಿದ್ದದ್ದೆಲ್ಲ ಹಸಿ ಅಂತ ಅಲ್ಲ.

ಬೀದರ್ ಬೇಕರಿ

ಮೆತ್ತಗಿರುವುದು ಬೇರೆ, ಹಸಿ ಇರುವುದು ಬೇರೆ ಸರ್. ಅಕ್ಕ ಕೆಳಗೆ ಬೆಳ್ಳಗಿತ್ತು ಅಂದಿದ್ದಾರೆ. ನೇಪಲ್ಸ್‌ನದಕ್ಕೆ ಕೆಳಗೆ ಚಿರತೆ ಚುಕ್ಕಿ ಥರ ಕರಿ ಮಚ್ಚೆ ಇರುತ್ತವೆ ಅಲ್ವಾ?

ಮಿಲಾನೋ ರಿಟರ್ನ್

ಅದು ಸರಿ. ಒಪ್ಪಿದೆ. ಅಲ್ಲಿ ಕಟ್ಟಿಗೆಯ ಒಲೆ, 400 ಡಿಗ್ರಿಗಿಂತ ಜಾಸ್ತಿ ಬಿಸಿ, 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಗೆ. ಹಿಟ್ಟನ್ನು ಕಡಿಮೆ ಅಂದರೆ ಎಂಟು ಗಂಟೆ ಹುದುಗಲು ಬಿಡುತ್ತಾರೆ. ಆ ಕೈಕೆಲಸವನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅವರ ಮೊಝರೆಲ್ಲಾ ಕೆಲವು ಕಡೆ ಎಮ್ಮೆ ಹಾಲಿನದು. ನಮ್ಮ ಕಡೆ ಎಮ್ಮೆಗೇನು ಕೊರತೆ? ಇಲ್ಲಿ ಯಾರಾದರೂ ತಾಜಾ ಮೊಝರೆಲ್ಲಾ ಮಾಡಬಾರದಾ ಅಂತ ನನಗೆ ತುಂಬ ದಿನದಿಂದ ಆಸೆ.

ಅಗ್ರಿ ಕಾಲೇಜ್

1889ರಲ್ಲಿ ಇಟಲಿಯ ರಾಣಿ ಮಾರ್ಗೆರೀಟಾಗೆ ಅಂತ ಮಾಡಿದ ಪಿಜ್ಜಾಕ್ಕೆ ಅದೇ ಹೆಸರು ಬಂತು, ಅಲ್ವಾ ಸರ್?

ಮಿಲಾನೋ ರಿಟರ್ನ್

ಹಾಗಂತ ಹೇಳುತ್ತಾರೆ. ಆದರೆ ಟೊಮೆಟೊ, ಚೀಸ್, ತುಳಸಿ ಜಾತಿಯ ಆ ಎಲೆ ಹಾಕಿ ಮಾಡುವುದು ಅದಕ್ಕೂ ಮೊದಲೇ ಇತ್ತು. ರಾಣಿಯ ಕಥೆಯನ್ನು ಇತಿಹಾಸ ಬರೆಯುವವರು ಪೂರ್ತಿ ನಂಬುವುದಿಲ್ಲ.

ಹಳೇ ಕಿಲ್ಲಾ

ಇಷ್ಟೆಲ್ಲ ಯಾಕೆ? ಪಿಜ್ಜಾ ನಮ್ಮ ಊಟ ಅಲ್ಲ. ನಮಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಲ್ವಾ? ಮಗಳು ಪಾಸಾದರೆ ಹೋಳಿಗೆ ಮಾಡಿ.

ಅಗ್ರಿ ಕಾಲೇಜ್

ಅಣ್ಣಾರ, ಶೇಂಗಾ, ಮೆಣಸಿನಕಾಯಿ, ಟೊಮೆಟೊ ಮೂರೂ ಅಮೆರಿಕ ಖಂಡದಿಂದ ಬಂದವು. 1347ರಲ್ಲಿ ನಮ್ಮ ಊರು ಬಹಮನಿ ಸುಲ್ತಾನರ ರಾಜಧಾನಿ ಆದಾಗ ಇಲ್ಲಿ ಯಾರೂ ಕೆಂಪು ಖಾರ ತಿಂದಿರಲಿಲ್ಲ. ಖಾರಕ್ಕೆ ಕರಿ ಮೆಣಸು ಇತ್ತು. ಬಂದದ್ದನ್ನು ನಮ್ಮದು ಮಾಡಿಕೊಂಡೆವು. ಹಿಂಡಿ ಬಿಟ್ಟು ಈಗ ರೊಟ್ಟಿ ತಿನ್ನಲು ಆಗುತ್ತದಾ?

ಹಳೇ ಕಿಲ್ಲಾ

ಶೇಂಗಾ ಕೂಡಾನಾ? ಇದು ಗೊತ್ತಿರಲಿಲ್ಲ. ಆದರೂ ಹೋಳಿಗೆ ಮಾಡಿ.

ತೊಗರಿಕಣಜ

ಹೋಳಿಗೆ ಮಾಡಿದ್ದೆವು ಅಣ್ಣಾರ, ಬೆಳಗ್ಗೆಯೇ. ಪಿಜ್ಜಾ ಮಗಳ ಆಸೆ.

ಯಾದಗಿರಿ ಬಸ್‌ಸ್ಟ್ಯಾಂಡ್

ಜೋಳದ ಹಿಟ್ಟಿನಲ್ಲೇ ಪಿಜ್ಜಾ ಮಾಡಿದರೆ? ನನ್ನ ಹೆಂಡತಿ ಒಂದು ಸಲ ಮಾಡಿದಳು, ಒಡೆದು ಹೋಯಿತು.

ಬೀದರ್ ಬೇಕರಿ

ಜೋಳದಲ್ಲಿ ಗ್ಲೂಟೆನ್ ಇಲ್ಲ ಅಣ್ಣಾ. ಗೋಧಿ, ಮೈದಾ ನಾದಿದರೆ ರಬ್ಬರ್ ಥರ ಎಳೆಯುತ್ತದೆ, ಗಾಳಿ ಹಿಡಿದು ಉಬ್ಬುತ್ತದೆ. ಜೋಳಕ್ಕೆ ಆ ಹಿಡಿತ ಇಲ್ಲ. ಅದಕ್ಕೇ ರೊಟ್ಟಿಗೆ ಕುದಿಯುವ ನೀರು ಹಾಕಿ ಕಲಸುತ್ತಾರೆ. ಬಿಸಿ ನೀರಿಗೆ ಹಿಟ್ಟು ಅಂಟು ಬಿಡುತ್ತದೆ, ಆಗ ಬಡಿಯಲು ಬರುತ್ತದೆ. ಪಿಜ್ಜಾಕ್ಕೆ ಮೂರು ಪಾಲು ಮೈದಾ, ಒಂದು ಪಾಲು ಜೋಳ ಹಾಕಿ ನೋಡಿ. ನಾವು ಮಾಡಿದ್ದೇವೆ, ವಾಸನೆ ಚೆನ್ನಾಗಿ ಬರುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ನಮ್ಮ ಕಡೆ 42 ಡಿಗ್ರಿ ಇರುವಾಗ ಹಿಟ್ಟನ್ನು ಹೊರಗಿಟ್ಟರೆ ಗಂಟೆಯೊಳಗೆ ಉಬ್ಬಿ, ಹುಳಿಯಾಗಿ, ಮತ್ತೆ ಕುಸಿಯುತ್ತದೆ. ಐಸ್ ನೀರಿನಲ್ಲಿ ಕಲಸಿ ಫ್ರಿಜ್ಜಿನಲ್ಲಿ ಇಡಬೇಕು.

ಖಡಕ್ ಚಹಾ

ಅಕ್ಕಾ, ಕೊನೆಗೆ ಏನು ಮಾಡಿದಿರಿ? ಹೋದಿರಾ ಇಲ್ವಾ?

ತೊಗರಿಕಣಜ

ಹೋಗಿ ಬಂದೆವು. ಇವತ್ತು ನಾಲ್ಕು ಗಂಟೆಗೆ. ಅವ್ವನೂ ಬರುತ್ತೇನೆ ಅಂದಳು, ಕರೆದುಕೊಂಡು ಹೋದೆ.

ಒಬ್ಬನೇ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಏನು ಹೇಳಬೇಕು ಅಂತ ದಾರಿಯುದ್ದ ಯೋಚಿಸಿಕೊಂಡು ಹೋಗಿದ್ದೆ, ಅಲ್ಲಿ ಹೋದ ಮೇಲೆ ನೇರವಾಗಿ ಹೇಳಿದೆ. "ತಮ್ಮಾ, ಅವತ್ತು ಚೆನ್ನಾಗಿತ್ತು ಅಂದೆ, ಅದು ಸುಳ್ಳು. ನಡುವೆ ಬೆಂದಿರಲಿಲ್ಲ." ಅವನ ಮುಖ ಇಳಿದುಹೋಯಿತು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಕ್ಕಾ, ಈ ತಿಂಗಳು ನಾಲ್ಕು ಮಂದಿ ಅರ್ಧ ಬಿಟ್ಟು ಹೋದರು. ಕೇಳಿದರೆ ಹೊಟ್ಟೆ ತುಂಬಿತು ಅಂದರು" ಅಂದ.

ಬಿಲ್ ತೋರಿಸಿದೆ. ಸಪ್ಲೈಯರ್ ತಮ್ಮ ಹೇಳಿದ ಹಾಗೇ ಆಗಿತ್ತು. ಮಷಿನ್ ಹಾಕಿದವರು "ಎಲ್ಲ ಹೋಟೆಲ್‌ನವರೂ ಹಾಕುತ್ತಾರೆ" ಅಂತ ಹೇಳಿ ಆ ಸಾಲು ಇಟ್ಟಿದ್ದರಂತೆ. ನಾನು ಜುಲೈ 2022ರ ಮಾತು ಹೇಳಿದೆ. ನನ್ನ ಮುಂದೆಯೇ ಅವರಿಗೆ ಫೋನ್ ಮಾಡಿ ತೆಗೆಸಿದ. 111 ರೂಪಾಯಿ ಎಣಿಸಿ ಕೊಟ್ಟ. ನಾನು ತಗೊಂಡೆ. ತಗೊಳ್ಳದಿದ್ದರೆ ತಪ್ಪು ಅವನಿಗೆ ಲೆಕ್ಕಕ್ಕೆ ಬರುವುದಿಲ್ಲ ಅನ್ನಿಸಿತು.

ಓವನ್ ಬೇಕರಿ ಅಣ್ಣ ಹೇಳಿದ್ದೇ. ಕೆಳಗಿನ ನಾಬ್ ಅರ್ಧಕ್ಕಿತ್ತು. ಶುರುವಿನಲ್ಲಿ ಒಂದು ಸಲ ತಳ ಕರಕಲಾಯಿತಂತೆ, ಅವತ್ತಿನಿಂದ ಇಳಿಸಿದವನು ಏರಿಸಿಲ್ಲ. ಕರೆಂಟ್ ಬಿಲ್ ಹೆದರಿಕೆಗೆ ಕಾಲು ಗಂಟೆ ಮಾತ್ರ ಕಾಯಿಸುತ್ತಾನೆ. ಸ್ಟೆಬಿಲೈಜರ್ ಇಲ್ಲ. ಗೋಡೆಯ ಮೀಟರಿನಲ್ಲಿ ಆಗ 226 ಇತ್ತು. ರಾತ್ರಿ 195ರ ತನಕ ಬೀಳುತ್ತದೆ ಅಂತ ಅವನೇ ಹೇಳಿದ.

ಕೆಳಗಿನದನ್ನು ಏರಿಸಿ ಮುಕ್ಕಾಲು ಗಂಟೆ ಕಾದೆವು. ಅವ್ವ ಎದ್ದು ಹೋಗಿ ಒಂದು ಚಿಟಿಕೆ ಹಿಟ್ಟು ಕೊಡು ಅಂದಳು. ಕೈ ಒಳಗೆ ಚಾಚದೆ ಬಾಗಿಲಿನಿಂದಲೇ ಕಲ್ಲಿನ ಮೇಲೆ ಉದುರಿಸಿದಳು. ಮನೆಯಲ್ಲಿ ಹಂಚಿಗೆ ಹಾಗೇ ಮಾಡುತ್ತಾಳೆ. ಹಿಟ್ಟು ಬೆಳ್ಳಗೇ ಕೂತಿತು. "ಇನ್ನಾ ಆಗಿಲ್ಲ" ಅಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಉದುರಿಸಿದಳು. ಈ ಸಲ ನಾವು ನೋಡುತ್ತಿದ್ದ ಹಾಗೇ ಕೆಂಪಾಗಿ, ಹುರಿದ ವಾಸನೆ ಬಂತು. "ಹಾಂ, ಈಗ ಹಾಕಪ್ಪ" ಅಂದಳು.

ತೆಗೆದಾಗ ಅವನು ತಳವನ್ನು ಉಗುರಿನಲ್ಲಿ ಬಡಿದ. ಟಕ್ ಟಕ್ ಅಂತ ಸದ್ದು ಬಂತು. ತುಂಡು ಎತ್ತಿದರೆ ನೆಟ್ಟಗೆ ನಿಂತಿತು. ಅವ್ವ ಎರಡು ತುಂಡು ತಿಂದಳು. ಮೇಲೆ ಉದುರಿಸುವ ಓರೆಗಾನೋ ಮೂಸಿ ನೋಡಿ, "ಇದು ಅಜವಾನ ಅಲ್ಲೇನು?" ಅಂತ ಕೇಳಿದಳು.

ಅಗ್ರಿ ಕಾಲೇಜ್

ಅವ್ವನ ಮೂಗಿಗೆ ದೊಡ್ಡ ನಮಸ್ಕಾರ ಹೇಳಿ! ಅಜವಾನದ ವಾಸನೆ ಬರುವುದು ಥೈಮಾಲ್‌ನಿಂದ. ಓರೆಗಾನೋದಲ್ಲೂ ಥೈಮಾಲ್, ಅದರ ಒಡಹುಟ್ಟಿದಂಥ ಕಾರ್ವಕ್ರಾಲ್ ಇವೆ. ನಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲೂ ಅದೇ ವಾಸನೆ. ಗಿಡಗಳು ಬೇರೆ ಬೇರೆ.

ವೈರ್‌ಮನ್ ಕಾಕಾ

ಸ್ಟೆಬಿಲೈಜರ್ ಹಾಕುವ ಮೊದಲು ಲೋಡ್ ಎಷ್ಟು ಮಂಜೂರಾಗಿದೆ ನೋಡಲು ಹೇಳು ತಂಗಿ. ಮನೆಯ ಲೈನಿನಲ್ಲಿ ಓವನ್ ನಡೆಸುತ್ತಿದ್ದರೆ ತಂತಿಯೂ ಸಣ್ಣದಿರುತ್ತದೆ, ಬಿಸಿಯಾಗುತ್ತದೆ. ಬೆಂಕಿಯ ಅಪಾಯ ಅದು. ನಾನು ಗುರುವಾರ ಬಂದು ನೋಡುತ್ತೇನೆ. ಗನ್ನೂ ತರುತ್ತೇನೆ. ಜಾಗ ನನಗೆ ಖಾಸಗಿಯಾಗಿ ಕಳಿಸು.

ಖಡಕ್ ಚಹಾ

ರೊಕ್ಕ ವಾಪಸ್ ಕೊಟ್ಟ ಅಂದಿರಿ, ಅದು ಒಳ್ಳೆಯ ಕೆಲಸ. ನನ್ನ ಮಾತಿನಲ್ಲಿ ನಾನು ಈಗಲೂ ಇದ್ದೇನೆ, ಗೊತ್ತಿಲ್ಲದ ಅಂಗಡಿಗೆ ಸ್ಟಾರ್ ಬೇಕು. ಆದರೆ ಈ ಹುಡುಗನಿಗೆ ಹಾಕುವುದಿಲ್ಲ. ನನಗೂ ಜಾಗ ಕಳಿಸಿ, ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ.

ತೊಗರಿಕಣಜ

ಕಳಿಸಿದೆ ಇಬ್ಬರಿಗೂ. ಭಾನುವಾರ ಬೇಡ, ಗುರುವಾರ ಕಾಕಾ ನೋಡಿಹೋದ ಮೇಲೆ ಹೋಗಿ. ಆರು ಗಂಟೆಯೊಳಗೆ ಹೋದರೆ ಕಲ್ಲು ಚೆನ್ನಾಗಿ ಕಾದಿರುತ್ತದೆ.

ಸೇಡಂ ರೋಡ್ ಮೇಷ್ಟ್ರು

10 ಇಂಚಿನದೇ ತಗೊಳ್ಳಿ.